ಡೈರಿ ಅಶೋಕ ಹಾಸನದಲ್ಲಿ ಉಳಿದ ದಿನ

ನಮ್ಮೂರಲ್ಲಿ ಗಡಿಯಾರ ನೋಡುವವರು ಕಡಿಮೆ. ಆರಕ್ಕೆ ಡೈರಿ ಬಾಗಿಲು ತೆರೆದರೆ ಬೆಳಗಾಯಿತು, ಐದಕ್ಕೆ ಮತ್ತೆ ತೆರೆದರೆ ಸಂಜೆಯಾಯಿತು. ತೆರೆಯುವವನು ಅಶೋಕ. ಹಳೇಕೋಟೆ ಹೋಬಳಿಯ ಈ ಪುಟ್ಟ ಊರಿನ ಹಾಲಿನ ಸೊಸೈಟಿಗೆ ಅವನು ಹದಿನೈದು ವರ್ಷದಿಂದ ಸೆಕ್ರೆಟರಿ. ಹಸು ಭಾನುವಾರ ನೋಡಿ ಹಾಲು ಕೊಡುವುದಿಲ್ಲವಲ್ಲ. ಹಾಗಾಗಿ ಇಷ್ಟು ವರ್ಷದಲ್ಲಿ ಅವನು ಒಂದು ರಾತ್ರಿಯೂ ಊರಾಚೆ ಮಲಗಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಸ್ವಂತ ನಾದಿನಿಯ ಮದುವೆಗೆ ಹೋದವನು ತಾಳಿ ಕಟ್ಟುತ್ತಿದ್ದಂತೆ ಊಟಕ್ಕೂ ಕೂರದೆ ಬಸ್ಸು ಹತ್ತಿದ್ದ.

"ಯುಗಾದಿ ಒಬ್ಬಟ್ನೂ ಹಾಲಿನ ಕ್ಯಾನ್ ಮ್ಯಾಲೆ ಕೂತ್ಕಂಡೇ ತಿಂತಾರೆ ಕಣಣ್ಣ," ಎಂದು ಅವನ ಹೆಂಡತಿ ಶಾಂತಿ ನನ್ನ ಹತ್ತಿರ ದೂರುತ್ತಿದ್ದಳು.

ನಾನು ಸಂಜಯ್, ಪಕ್ಕದ ಮನೆಯವನು, ಹಳ್ಳಿಮೈಸೂರಿನಲ್ಲಿ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ರಜಾ ಹಾಕುವ ವಿದ್ಯೆಯಲ್ಲಿ ಪಳಗಿದವನು. ಎಷ್ಟು ಹೇಳಿಕೊಟ್ಟರೂ ಅಶೋಕನಿಗೆ ಆ ವಿದ್ಯೆ ಹತ್ತಲಿಲ್ಲ.

ಕಾರಣವಿತ್ತು. ನಮ್ಮ ಕೇರಿಯಿಂದ ಸೆಕ್ರೆಟರಿ ಕುರ್ಚಿಗೆ ಹೋದ ಮೊದಲನೆಯವನು ಅವನು. ಅವನು ಹಾಲು ಮುಟ್ಟುತ್ತಾನೆಂದು ನಾಲ್ಕು ಮನೆಯವರು ಪಕ್ಕದೂರಿನ ಡೈರಿಗೆ ಹಾಲು ಹೊತ್ತರು. ದೊಡ್ಡ ಜಮೀನಿನ ಮನೆಯ ಚಿಕ್ಕಲಕ್ಷ್ಮಮ್ಮ ಕ್ಯಾನನ್ನು ಮಾರು ದೂರದಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಅಶೋಕ ಸರಿಯಾಗಿ ಅಳೆದ, ನೀರು ಬೆರೆಸಿದವರ ಹಾಲನ್ನು ಮುಖ ನೋಡದೆ ವಾಪಸ್ ಕಳಿಸಿದ. ಆರು ತಿಂಗಳಲ್ಲಿ ನಾಲ್ಕು ಮನೆಯೂ ತಿರುಗಿ ಬಂದವು.

ಅಲ್ಲಿಗೆ ಅವನು ನಿರಾಳವಾಗಬಹುದಿತ್ತು. ಆದರೆ ಒಂದು ಹೊತ್ತು ತಪ್ಪಿದರೂ 'ಅವನ ಕೈಗೆ ಕೊಟ್ಟಿದ್ದಕ್ಕೆ ಹಿಂಗಾಯ್ತು' ಅಂದುಬಿಡುತ್ತಾರೆ ಎಂಬ ಹೆದರಿಕೆ ಹೋಗಲಿಲ್ಲ. ಹಾಲು ಪರೀಕ್ಷೆಯ ಮಿಷನ್ನನ್ನು ಯಾರಿಗೂ ಕಲಿಸಲಿಲ್ಲ, ಡೈರಿಯ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಬುದ್ಧವಿಹಾರಕ್ಕೆ ಹೋಗಲು ಶುರುಮಾಡಿದ ಮೇಲೆ ಕೈಯ ದಾರ, ಕೊರಳ ದಾರ ಎಲ್ಲ ಬಿಚ್ಚಿದವನು ಉಡಿದಾರ ಉಳಿಸಿಕೊಂಡಿದ್ದೇ ಅದಕ್ಕಾಗಿ. ಎಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದು ಮಾತ್ರ ಅವನದೇ ತಪ್ಪು, ನನಗೆ ಸಿಟ್ಟು ಬರುತ್ತಿದ್ದುದೂ ಇದಕ್ಕೇ.

ಹೋದ ಆಷಾಢದಲ್ಲಿ ಒಂದು ದಿನ ಮಧ್ಯಾಹ್ನ ಖಾಲಿ ಕ್ಯಾನು ಜೋಡಿಸುತ್ತಿದ್ದವನು ಎದೆ ಹಿಡಿದು ಕುಕ್ಕರಿಸಿದ. ಮೈಯೆಲ್ಲ ಬೆವರು. "ಗ್ಯಾಸು," ಅಂದ. ಅವರಪ್ಪ ದ್ಯಾವಯ್ಯನೂ ಐವತ್ತು ತುಂಬುವ ಮೊದಲೇ 'ಗ್ಯಾಸು' ಅನ್ನುತ್ತಲೇ ಹೋದವನು. ಅಶೋಕನಿಗೆ ನಲವತ್ತಾರು. ಶಾಂತಿಗೆ ಅಳು ಬಂತು, ನನಗೆ ಭಯ. ಅವನನ್ನು ನನ್ನ ಕಾರಿಗೆ ತಳ್ಳಿದೆ. ಶಾಂತಿ ಹತ್ತಲು ಬಂದರೆ, "ನೀನೂ ಬಂದ್ರೆ ಹಸ ಯಾರು ಕರೀತಾರೆ?" ಎಂದು ಗದರಿ ಇಳಿಸಿದ. ಐದು ಗಂಟೆಗೆ ವಾಪಸ್ ತಂದು ಬಿಡಬೇಕೆಂದು ಹೊಳೆನರಸೀಪುರ ದಾಟುವವರೆಗೂ ನನಗೆ ಷರತ್ತು ಹಾಕುತ್ತಲೇ ಇದ್ದ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಇಸಿಜಿ ನೋಡಿದರು. ರಕ್ತ ಪರೀಕ್ಷೆ ರಾತ್ರಿ ಇನ್ನೊಮ್ಮೆ ಆಗಬೇಕು, ನಾಳೆವರೆಗೆ ಎಲ್ಲೂ ಕದಲುವಂತಿಲ್ಲ ಎಂದರು. ಬಟ್ಟೆ ಬದಲಿಸಲು ನರ್ಸು ಹೇಳಿ ಹೋದಳು. ಅಂಗಿ ಬಿಚ್ಚಿದ ಅಶೋಕನ ಕೈ ಸೊಂಟದ ಹತ್ತಿರ ನಿಂತುಬಿಟ್ಟಿತು.

"ಲೇ ಸಂಜಯ, ಬೀಗದಕೈ ಇಲ್ಲಿಗೇ ಬಂದ್ಬುಟ್ಟೈತೆ ಕಣ್ಲಾ."

ಗಂಟೆ ನಾಲ್ಕೂವರೆ. ಊರಿಗೆ ಒಂದೂಕಾಲು ಗಂಟೆಯ ದಾರಿ. ಶಾಂತಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಶೋಕ ಮತ್ತೆ ಅಂಗಿ ಹಾಕಿಕೊಳ್ಳತೊಡಗಿದ.

"ನಿಂಗೆ ತಲೆ ನೆಟ್ಟಗೈತಾ?" ಎಂದು ನಾನು ರೇಗಿದೆ. "ಹಾಲು ಓದ್ರೆ ನಾಳೆ ಕರಕಬೋದು. ನೀನು ಓದ್ರೆ?"

"ನಾನು ಓದ್ರೆ ನಾಕ್ ದಿನ ಅಳ್ತಾರೆ. ಹಾಲು ಕೆಟ್ರೆ ನಮ್ಮ ಕೇರಿ ಮಕ್ಳಿಗೆ ಇನ್ಯಾವತ್ತೂ ಆ ಕುರ್ಚಿ ಕೊಡಾಕಿಲ್ಲ ಕಣ್ಲಾ."

ನಾನು ನರ್ಸನ್ನು ಕೂಗಿದೆ. ಅಷ್ಟರಲ್ಲಿ ಅವನು ಮೆಟ್ಟಿಲವರೆಗೆ ಹೋಗಿದ್ದ. ಮೂರು ಮೆಟ್ಟಿಲು ಇಳಿದು, ಕಂಬಿ ಹಿಡಿದು ನಿಂತ. ನಾನೂ ನರ್ಸೂ ಸೇರಿ ಕರೆತಂದು ಮಲಗಿಸಿದೆವು. ಆಮೇಲೆ ಅವನು ಗೋಡೆಯ ಗಡಿಯಾರ ನೋಡುತ್ತಾ ಬಿದ್ದುಕೊಂಡ.

ಐದೂ ಮುಕ್ಕಾಲಿಗೆ ಶಾಂತಿಯ ಫೋನು ಬಂತು. ಅವನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಡೈರಿ ಬೀಗ ಒಡೆದ್ರು ಕಣ್ರೀ."

ಅಶೋಕ ಕಣ್ಣು ಮುಚ್ಚಿದ. "ಯಾರು?"

"ಚಿಕ್ಕಲಕ್ಷ್ಮಮ್ಮಾರು. ಮನೆಯಿಂದ ಹಾರೆ ತರ್ಸಿ, ಮುಂದೆ ನಿಂತ್ಕಂಡು ಒಡೆಸಿದ್ರು. 'ಅವ್ನೇ ಆಸ್ಪತ್ರೇಲಿ ಬಿದ್ದವ್ನೆ, ಬೀಗ ಯಾವ ದೊಡ್ಡದು' ಅಂದ್ರು."

"ಹಾಲು ಟೆಸ್ಟ್ ಮಾಡಿದ್ಯಾರು?"

"ನಾನೇ. ಹದಿನೈದು ವರ್ಷ ಎಲ್ಡೊತ್ತೂ ನಿಮ್ಗೆ ಬುತ್ತಿ ತಂದು ಅಲ್ಲೇ ನಿಂತಿವ್ನಿ, ನಂಗೇನು ಕಣ್ಣಿಲ್ವಾ? ರಂಗಸ್ವಾಮಣ್ಣನ ಹಾಲು ಡಿಗ್ರಿ ಬರ್ಲಿಲ್ಲ, ವಾಪಸ್ ಕಳಿಸ್ದೆ."

ಅಶೋಕ ಎದ್ದು ಕೂತ. ರಂಗಸ್ವಾಮಿ ಚಿಕ್ಕಲಕ್ಷ್ಮಮ್ಮನ ದೊಡ್ಡ ಮಗ. "ಅವರವ್ವ ಏನಂದ್ರು?"

"'ನೀರು ಕೊಡಾಕೆ ಊರಲ್ಲಿ ಟ್ಯಾಂಕೈತೆ, ಡೈರಿಗ್ಯಾಕ್ಲಾ ತಂದೆ' ಅಂತ ಮಗನ್ನೇ ಬೈದು ಓಡಿಸಿದ್ರು."

ಅವನು ನಕ್ಕ. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ನರ್ಸು ಬಂದು ನಮ್ಮಿಬ್ಬರಿಗೂ ಬೈದಳು.

"ನಾನಿಲ್ದೇನೂ ನಡೀತದೆ ಅಂದಂಗಾಯ್ತು," ಅಂದ ಅಶೋಕ, ದಿಂಬಿಗೆ ಒರಗುತ್ತಾ.

"ಬೇಜಾರಾ?"

"ಒಸಿ. ಆದ್ರೆ ಯಾಕೋ ನಿದ್ದೆ ಬತ್ತಾ ಐತೆ ಕಣ್ಲಾ." ಏಳಾಗುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಮಾರನೆಯ ದಿನ ರಿಪೋರ್ಟು ಬಂತು. ಹೃದಯಕ್ಕೆ ಏನೂ ಆಗಿರಲಿಲ್ಲ. ಬಿಪಿ ಮಾತ್ರ ಮಿತಿಮೀರಿತ್ತು. ಮಾತ್ರೆ ಬರೆದು, ಹದಿನೈದು ದಿನ ವಿಶ್ರಾಂತಿ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸೊಸೈಟಿ ಅಧ್ಯಕ್ಷ ಈಶ್ವರಯ್ಯನವರು ಫೋನ್ ಮಾಡಿ, ಹೊಸ ಬೀಗ ಹಾಕಿಸಿರುವುದಾಗಿ, ಒಂದು ಬೀಗದಕೈ ಶಾಂತಿಗೆ ಕೊಟ್ಟಿರುವುದಾಗಿ ಹೇಳಿದರು. "ಹದಿನೈದು ದಿನ ಈ ಕಡೆ ತಲೆ ಹಾಕಿದ್ರೆ ನಿನ್ನ ಒಳಕ್ಕಾಕಿ ಬೀಗ ಜಡೀತೀನಿ," ಎಂದೂ ಸೇರಿಸಿದರು.

ಆಸ್ಪತ್ರೆಯಿಂದ ಬಿಡುವಾಗ ನಾಲ್ಕೂವರೆ. ಕಾರಲ್ಲಿ ಕೂತವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಆಮೇಲೆ, "ಮಗಳ ಹಾಸ್ಟೆಲ್ ತಾವ ಓಗಾನ," ಅಂದ. ಅವನ ಮಗಳು ಯಶೋಧರಾ ಹಾಸನದಲ್ಲೇ ಪಿಯುಸಿ ಎರಡನೇ ವರ್ಷ. ನೋಡಿಕೊಂಡು ಬರುತ್ತಿದ್ದುದೆಲ್ಲ ಶಾಂತಿಯೇ. ಗಾಬರಿಯಾಗುತ್ತಾಳೆಂದು ಆಸ್ಪತ್ರೆಯ ಸುದ್ದಿಯನ್ನು ಅವಳಿಗೆ ನಾವು ತಿಳಿಸಿರಲಿಲ್ಲ.

ಹುಡುಗಿ ಗೇಟಿನ ಹತ್ತಿರ ಬಂದು ಅಪ್ಪನನ್ನು ಕಂಡಳು. ಸಂಜೆ ಐದು ಗಂಟೆ. ಹೆಜ್ಜೆ ನಿಂತಿತು, ಮುಖ ಬಿಳುಪೇರಿತು.

"ಅಪ್ಪಾ, ಯಾರು ಸತ್ತೋದ್ರು?"

ಅಶೋಕ ಅವಳ ತಲೆಯ ಮೇಲೆ ಕೈಯಿಟ್ಟ.

"ಯಾರೂ ಇಲ್ಲ ಕಣವ್ವ," ಅಂದ. "ನಿನ್ನ ನೋಡಾನ ಅಂತ ಬಂದೆ."