ಎಡಗಡೆಯ ಸೀಟು

ಬಂಟ್ವಾಳದಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಕೆಲಸ. ಬೆಳ್ತಂಗಡಿಯ ಶೆಟ್ರು ಒಮ್ಮೆ ಸ್ಪೋರ್ಟ್ಸ್ ಕಾರು ತಂದರು. ಊರಿಗೆ ಹೊರಟ ಬಿಳಿ ದೊರೆಯೊಬ್ಬ ಅಗ್ಗಕ್ಕೆ ಕೊಟ್ಟದ್ದು. ಎರಡೇ ಸೀಟು, ಅದೂ ಹಲಗೆಯ ಹಾಗೆ.

“ಸ್ವಲ್ಪ ಮೆತ್ತಗೆ ಮಾಡಿ ಕೊಡ್ತೇನೆ ಶೆಟ್ರೇ” ಎಂದೆ.

“ಮೆತ್ತಗೆ ಬೇಕಾದ್ರೆ ಮನೆಯಲ್ಲಿ ಹಾಸಿಗೆ ಉಂಟಲ್ಲ ಮಾರಾಯ! ಇಂಥ ಕಾರಿನಲ್ಲಿ ರಸ್ತೆ ಬೆನ್ನಿಗೆ ತಾಗಬೇಕು.”

ಪಕ್ಕದಲ್ಲಿದ್ದ ಅವರ ಹೆಂಡತಿ ಗಾಳಿಗೆ ಕೆದರಿದ ಕೂದಲು ಕಟ್ಟುತ್ತಾ ನಕ್ಕರು. ಹರಿದ ಮೂಲೆಯನ್ನಷ್ಟೇ ಹೊಲಿಸಿಕೊಂಡು ಹೋದರು.

ಕೆಲವು ವರ್ಷ ಕಳೆದು ಶೆಟ್ರು ಮತ್ತೆ ಬಂದರು. “ಎಡಗಡೆಯ ಸೀಟಿಗೆ ಬೂರುಗದ ಹತ್ತಿ ತುಂಬು. ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕುಂಟು. ಕುಲುಕಿದ್ರೆ ನೋಯ್ತದೆ.”

ಕಾರಿಗೆ ತೆಂಗಿನ ನಾರು, ಹಾಸಿಗೆಗೆ ಬೂರುಗ, ಅದು ನಮ್ಮ ಪದ್ಧತಿ. ಆದರೂ ಬೂರುಗವನ್ನೇ ತುಂಬಿಕೊಟ್ಟೆ.

ಮಳೆಗಾಲ ಮುಗಿದ ಮೇಲೆ ಅವರು ಒಬ್ಬರೇ ಬಂದರು. ಹೆಂಡತಿ ತೀರಿಹೋದ ಸುದ್ದಿ ನನಗೆ ಮೊದಲೇ ಮುಟ್ಟಿತ್ತು. ಹತ್ತಿ ತೆಗೆಯಬೇಕೋ ಎಂದು ಮೆಲ್ಲಗೆ ಕೇಳಿದೆ.

“ಬೇಡ, ಅದು ಇರಲಿ. ನನ್ನ ಸೀಟಿಗೂ ಅದನ್ನೇ ತುಂಬು. ರಸ್ತೆ ಈಗ ತುಂಬಾ ತಾಗ್ತದೆ.”

ಈಚೆಗೆ ಸ್ಪೋರ್ಟ್ಸ್ ಕಾರುಗಳಿಗೂ ಕಂಪೆನಿಯವರೇ ಮೆತ್ತನೆಯ ಸೀಟು ಹಾಕಿ ಕಳಿಸುತ್ತಾರಂತೆ. ಯಾರ ಮನೆಯಲ್ಲಿ ಏನಾಗಿದೆ ಎಂದು ಅಷ್ಟು ದೂರದಲ್ಲಿ ಅವರಿಗೆ ಹೇಗೆ ಗೊತ್ತಾಯಿತೋ, ಮಾರಾಯ್ರೆ!