ಒಂದು ಬಟ್ಟಲು ತೆಗೆದರೆ ಒಂದು ಬಟ್ಟಲು

ನಮ್ಮ ಫೂಝೌ ಊರಿನ ಗಂಡಸರು ಅರವತ್ತರ ಹಬ್ಬವನ್ನು ಐವತ್ತೊಂಬತ್ತಕ್ಕೇ ಮಾಡಿ ಮುಗಿಸುತ್ತಾರೆ. ಹೆಂಗಸರು ಮಾತ್ರ ಅರವತ್ತು ಬರುವವರೆಗೂ ಕಾಯಬೇಕು. ಯಾಕಪ್ಪಾ ಹೀಗೆ ಎಂದರೆ, ತುಂಬಿದ ಮೇಲೆ ಇಳಿಯುವುದೇ ತಾನೆ, ಅದಕ್ಕೆ ಮೊದಲೇ ಉಂಡುಬಿಡೋಣ ಎನ್ನುತ್ತಾರೆ ಹಿರಿಯರು. ಯಿನ್‌ದಿಯನ್ನು ಕೇಳಿದರೆ ಅವಳು ಹೇಳುವುದೇ ಬೇರೆ. "ಗಂಡಸ್ರಿಗೆ ಊಟ ಅಂದ್ರೆ ಅವಸರ, ಇನ್ನೇನಿಲ್ಲ."

ಅವಳ ಗಂಡ ವೆಂಗ್ ದಿಂಗಾನ್ ಮೆರುಗಿನ ಕೆಲಸದವನು. ನಮ್ಮೂರಿನ ಹೂದಾನಿ ಗೊತ್ತಲ್ಲ, ಬಟ್ಟೆಯ ಮೈ, ಅದರ ಮೇಲೆ ಮರದ ಹಾಲಿನ ಮೆರುಗೆಣ್ಣೆ ಪದರದ ಮೇಲೆ ಪದರ. ಕೊನೆಯ ಹೊಳಪು ಬರುವುದು ಬರಿಗೈಯಿಂದ. ಎಣ್ಣೆ, ನುಣ್ಣನೆಯ ಬೂದಿ, ಅಂಗೈ, ಅಷ್ಟೇ. ದಿನಗಟ್ಟಲೆ ಉಜ್ಜಬೇಕು. ಕೈ ಒಂಚೂರು ನಡುಗಿದರೆ ಮೆರುಗಿನಲ್ಲಿ ಮಬ್ಬು ಉಳಿದುಬಿಡುತ್ತದೆ, ದೇವರೇ ಬಂದರೂ ಅದು ಹೋಗುವುದಿಲ್ಲ. ವೆಂಗ್ ಮೇಸ್ತ್ರಿಯ ಅಂಗೈಯಂಥ ಅಂಗೈ ಊರಲ್ಲೇ ಇರಲಿಲ್ಲ. ಆದರೆ ಆ ಪುಣ್ಯಾತ್ಮ ಅದು ತನ್ನ ಕೈಯ ಗುಣವೆಂದು ಒಂದು ದಿನವೂ ಒಪ್ಪಿದವನಲ್ಲ. "ಹೊಗೆ ಎಳೆದ್ರೆ ಕೈ ನಡುಗದೆ ನಿಲ್ಲುತ್ತೆ ಕಣೇ. ಕೆಲಸ ಮಾಡೋದು ಅಫೀಮು, ನಾನು ಬರೀ ಕೂತಿರ್ತೀನಿ" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಯಿನ್‌ದಿ ಆ ಮಾತನ್ನು ಕೇಳಿದ್ದಳು. ಕೇಳಿ ಕೇಳಿ ಅವಳೂ ನಂಬಿದ್ದಳು.

ಹತ್ತು ವರ್ಷದೊಳಗೆ ದೇಶದಲ್ಲಿ ಅಫೀಮಿನ ವಾಸನೆಯೂ ಇರಬಾರದು ಎಂದು ರಾಜಾಜ್ಞೆ ಬಂತು. ಸೇದುವವರೆಲ್ಲ ಹೆಸರು ಬರೆಸಬೇಕು, ಬಿಡಬೇಕು. ಅರವತ್ತಾದವರಿಗೆ ಮಾತ್ರ ವಿನಾಯಿತಿ. ಮುದುಕರು, ಪಾಪ, ಈಗ ಬಿಡಿಸಿದರೆ ಸತ್ತೇಹೋಗುತ್ತಾರೆ ಎಂದು ಅವರಿಗೆ ಹೆಸರು, ವಯಸ್ಸು ಬರೆದು ಮುದ್ರೆ ಒತ್ತಿದ ಒಂದು ಮರದ ಹಲಗೆ ಕೊಡುತ್ತಿದ್ದರು. ಅದನ್ನು ತೋರಿಸಿದರೆ ಸಾಯುವವರೆಗೆ ಸೇದಬಹುದು.

ಮೇಸ್ತ್ರಿ ಕುಣಿದಾಡಿಬಿಟ್ಟ. ಬೇಸಿಗೆಯಲ್ಲಷ್ಟೇ ಅವನ ಅರವತ್ತರ ಹಬ್ಬವಾಗಿತ್ತು. ಕೇರಿಯವರೆಲ್ಲ ಬಂದು ಶಾವಿಗೆ ಸಾರು, ಬಾತುಕೋಳಿ ಮೊಟ್ಟೆ ತಿಂದು ಹೋಗಿದ್ದರು. ಹೊಸ ಅಂಗಿ ತೊಟ್ಟು ಕಚೇರಿಗೆ ಹೋಗಿ, ವಯಸ್ಸು ಅರವತ್ತು ಎಂದು ಧಿಮಾಕಿನಿಂದ ಬರೆಸಿದ. ಬರೆದುಕೊಂಡ ಫಾಂಗ್ ಗುಮಾಸ್ತನೇ ಆವತ್ತು ಎರಡು ಮೊಟ್ಟೆ ತಿಂದವನು. ಅವನೂ ಚಕಾರವೆತ್ತದೆ ಬರೆದ.

ಆದರೆ ಮುದ್ರೆ ಒತ್ತುವ ಸಾಹೇಬ ಉತ್ತರದ ಶಾಂಡೊಂಗಿನವನು. "ಹುಟ್ಟಿದ್ದು ಯಾವ ವರ್ಷ?" ಎಂದ.

"ನಾಯಿ ವರ್ಷ, ಸ್ವಾಮಿ."

ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷಗಳ ಸುತ್ತನ್ನು ಸಾಹೇಬ ಬೆರಳು ಮಡಿಚಿ ಎಣಿಸಿದ. "ಐವತ್ತೊಂಬತ್ತು."

"ಅಲ್ಲ ಸ್ವಾಮಿ, ಅರವತ್ತರ ಶಾವಿಗೆ ತಿಂದಾಯ್ತು. ಬೇಕಾದ್ರೆ ನಿಮ್ಮ ಗುಮಾಸ್ತರನ್ನೇ ಕೇಳಿ."

"ಶಾವಿಗೆ ತಿಂದ್ರೆ ವಯಸ್ಸಾಗುತ್ತೇನ್ರೀ? ಹಾಗಾದ್ರೆ ನಾನು ಇನ್ನೂರು ವರ್ಷದವನು." ಸಾಹೇಬ ಕಾಗದವನ್ನು ಹಿಂದಕ್ಕೆ ತಳ್ಳಿದ. ಎಲ್ಲರಿಗೂ ಒಂದು ವಯಸ್ಸು ಕೂಡುವುದು ಹೊಸ ವರ್ಷಕ್ಕೆ, ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಅಫೀಮು ಸೇದುವ ಕೊಳವೆ ಮುಟ್ಟುವ ಹಾಗಿಲ್ಲ, ಹೊಸ ವರ್ಷಕ್ಕೆ ಬಂದು ಹಲಗೆ ತೆಗೆದುಕೊಂಡು ಹೋಗು ಎಂದುಬಿಟ್ಟ.

ಕೊಳವೆಗಳನ್ನೆಲ್ಲ ಬಯಲಲ್ಲಿ ರಾಶಿ ಹಾಕಿ ಸುಟ್ಟರು. ತನ್ನ ಕೈಯಾರೆ ಮೆರುಗು ಹಾಕಿದ ಬಿದಿರಿನ ಕೊಳವೆ ಉರಿಯುವುದನ್ನು ನೋಡುತ್ತಾ ಮೇಸ್ತ್ರಿ ಮಗುವಿನ ಹಾಗೆ ಅತ್ತ. ಯಿನ್‌ದಿಗೆ ಅಫೀಮಿನ ಮೇಲೆ ಪ್ರೀತಿಯೇನಿರಲಿಲ್ಲ. ಭಯವೆಲ್ಲ ಆ ಕೈಯದು. ಆ ಕೈ ಹೋದರೆ ಅವನೂ ಹೋದ ಹಾಗೆಯೇ. ಸಾಲದ್ದಕ್ಕೆ ಆಗಷ್ಟೇ ಒಂದು ಜೋಡಿ ದೊಡ್ಡ ಹೂದಾನಿ ಅವನ ಪಾಲಿಗೆ ಬಂದಿತ್ತು. ವರ್ಷದ ಕೊನೆಗೆ ಹೊಳಪು ಮುಗಿಯಬೇಕು, ಆಗದಿದ್ದರೆ ಇನ್ನು ಮುಂದೆ ಒಳ್ಳೆಯ ಕೆಲಸವೆಲ್ಲ ಬೇರೆಯವರಿಗೆ ಎಂದು ಕೆಲಸದ ಕೊಟ್ಟಿಗೆಯ ಯಜಮಾನ ಬಾಯಿಬಿಟ್ಟೇ ಹೇಳಿದ್ದ.

ಕೇರಿಯ ವೈದ್ಯ ಒಂದು ಉಪಾಯ ಹೇಳಿಕೊಟ್ಟ. ಉಳಿದ ಅಫೀಮನ್ನೆಲ್ಲ ಒಂದು ಜಾಡಿ ಕೆಂಪಕ್ಕಿ ಮದ್ಯದಲ್ಲಿ ಕುದಿಸಿ ಇಡಬೇಕು. ದಿನಕ್ಕೊಂದು ಬಟ್ಟಲು ಕುಡಿಯಬೇಕು. ಕುಡಿದಷ್ಟೇ ಬರೀ ಮದ್ಯವನ್ನು ಮತ್ತೆ ಜಾಡಿಗೆ ಸುರಿಯಬೇಕು. ಒಂದು ಬಟ್ಟಲು ತೆಗೆದರೆ ಒಂದು ಬಟ್ಟಲು. ಜಾಡಿ ಸದಾ ತುಂಬಿರುತ್ತದೆ, ಒಳಗಿನ ವಿಷ ಮಾತ್ರ ದಿನದಿನಕ್ಕೆ ತೆಳುವಾಗುತ್ತದೆ.

ಮೊದಲ ತಿಂಗಳು ನರಕ. ಮೂಗು ಸೋರಿತು, ಕಾಲು ಸೆಳೆಯಿತು, ಮೇಸ್ತ್ರಿ ಕಂಡಕಂಡವರ ಮೇಲೆಲ್ಲ ರೇಗಿದ. ಕಳ್ಳಾಟವನ್ನೂ ಆಡಿದ. ಕುಡಿಯುವನು, ವಾಪಸು ಸುರಿಯುವುದನ್ನು ಮರೆಯುವನು.

"ರೀ, ಸುರಿದ್ರಾ?"

"ಆಗ್ಲೇ ಸುರಿದೆನಲ್ಲೇ."

ಯಿನ್‌ದಿ ಜಾಡಿಯ ಕುತ್ತಿಗೆಯೊಳಗೆ ಮೊಳೆಯಿಂದ ಗೀರು ಹಾಕಿಟ್ಟಿದ್ದಳು. ಮದ್ಯ ಇಳಿದು ಗೀರು ಕಂಡರೆ ತಾನೇ ಸದ್ದಿಲ್ಲದೆ ತುಂಬಿಸುತ್ತಿದ್ದಳು. ಜಗಳವಾಡಿ ಗೆಲ್ಲಬಹುದಾದ ಗಂಡ ಅವನಲ್ಲ ಎಂದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಚಳಿಗಾಲದ ನಡುಹಬ್ಬದ ದಿನ ಅಕ್ಕಿ ಉಂಡೆಗೆ ಹಿಟ್ಟು ನಾದಿ, ಹಿಟ್ಟು ಮೆತ್ತಿದ ಒದ್ದೆಗೈಯಲ್ಲೇ ಜಾಡಿ ಸರಿಸಲು ಹೋದಳು. ಜಾರಿತು. ಅಯ್ಯೋ ಎನ್ನುವಷ್ಟರಲ್ಲಿ ಜಾಡಿ ಚೂರುಚೂರು, ನೆಲವೆಲ್ಲ ಕೆಂಪು. ಅಫೀಮೆಂಬುದು ಊರಲ್ಲಿ ಎಲ್ಲೂ ಸಿಗುವಂತಿರಲಿಲ್ಲ. ಹೂದಾನಿಗಳ ಕೊನೆಯ ಹೊಳಪು ಅದೇ ವಾರ ಶುರುವಾಗಬೇಕಿತ್ತು. ಅವಳು ನೆಲದ ಮೇಲೆ ಕುಕ್ಕರಿಸಿ ಒಂದು ಗಳಿಗೆ ಅತ್ತಳು. ಆಮೇಲೆ ಎದ್ದು ನೆಲ ಒರೆಸಿ, ಅಂಥದ್ದೇ ಇನ್ನೊಂದು ಜಾಡಿಗೆ ಮದ್ಯ ಸುರಿದು, ಕಹಿಗೆಂದು ವೈದ್ಯನ ಅಂಗಡಿಯ ಕಹಿಬೇರು ಹಾಕಿ ಕುದಿಸಿದಳು.

ಆ ಸಂಜೆ ಏನೂ ಆಗದವಳಂತೆ ಬಟ್ಟಲು ಕೊಟ್ಟಳು. ಮೇಸ್ತ್ರಿ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಅಬ್ಬಾ! ಇವತ್ತು ಗಟ್ಟಿಯಾಗಿದೆ ಕಣೇ."

"ತಳದಲ್ಲಿ ಕೂತಿದ್ದು ಮೇಲೆ ಬಂದಿರ್ಬೇಕು" ಎಂದಳು ಯಿನ್‌ದಿ.

ಅಂದಿನಿಂದ ಅವಳು ನೆಮ್ಮದಿಯಾಗಿ ಉಸಿರಾಡಲಿಲ್ಲ. ಊಟ ಕೊಡುವ ನೆಪದಲ್ಲಿ ದಿನವೂ ಕೆಲಸದ ಕೊಟ್ಟಿಗೆಗೆ ಹೋಗಿ ಬಾಗಿಲಲ್ಲಿ ನಿಲ್ಲುವಳು. ಅವನ ಅಂಗೈ ಹೂದಾನಿಯ ಹೊಟ್ಟೆಯ ಮೇಲೆ ಸುತ್ತುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಈಗ ನಡುಗುತ್ತದೆ, ಈಗ ನಡುಗುತ್ತದೆ ಎಂದು ನೋಡುವಳು. ನಡುಗಲಿಲ್ಲ. ಮನೆಗೆ ಬಂದು ದೇವರಿಗೆ ಕೈಮುಗಿಯುವಳು, ಮರುದಿನ ಮತ್ತೆ ಹೋಗುವಳು.

"ಏನೇ, ಈಚೆಗೆ ನನ್ನನ್ನ ಕಣ್ಣು ತುಂಬ ನೋಡ್ತೀಯ? ಹೊಸದಾಗಿ ಮದುವೆ ಆದ ಹಾಗೆ!"

"ಹೌದು ಬಿಡಿ, ಮನ್ಮಥ ನೀವು. ಸಾರು ಆರೋಗ್ತಿದೆ, ಉಣ್ಣಿ."

ವರ್ಷ ಮುಗಿಯಲು ಮೂರು ದಿನವಿರುವಾಗ ಹೂದಾನಿಗಳು ಮುಗಿದವು. ಯಜಮಾನ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೆರುಗಿನಲ್ಲಿ ಅವನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಮೇಸ್ತ್ರಿಗೆ ತಲೆಬಾಗಿದ. ಯಿನ್‌ದಿಗೆ ಆ ಸುದ್ದಿ ಹೇಳಿದಾಗ ಅವಳು ಅಡುಗೆಮನೆಗೆ ಹೋಗಿ ಅಂಗಿಯ ತೋಳು ಬಾಯಿಗಿಟ್ಟು ಅತ್ತಳು.

ಹೊಸ ವರ್ಷದ ಐದನೆಯ ದಿನ ಫಾಂಗ್ ಗುಮಾಸ್ತ ಹಲಗೆಯನ್ನು ತಾನೇ ಮನೆಗೆ ತಂದ. "ತಗೊಳ್ಳಿ ಮೇಸ್ತ್ರಿ, ಈಗ ಸಾಹೇಬ್ರ ಲೆಕ್ಕದಲ್ಲೂ ಅರವತ್ತು. ಮೊಟ್ಟೆ ಇದೆಯೇನಕ್ಕಾ?"

ಮೇಸ್ತ್ರಿ ಹಲಗೆಯನ್ನು ಎದೆಗೊತ್ತಿಕೊಂಡ. "ನೋಡಿದೆಯೇನೇ? ಆ ತೆಳು ನೀರಲ್ಲೇ ಕೈ ಹೀಗೆ ನಿಂತಿತು. ಇನ್ನು ಸರಿಯಾಗಿ ಸೇದಿದ್ರೆ ನನ್ನನ್ನ ಹಿಡಿಯೋರು ಯಾರು?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿದ್ದರೆ ಇನ್ನೊಂದು ಕೊಳವೆ ಮನೆಗೆ ಬರುತ್ತದೆ. ಯಿನ್‌ದಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಜಾಡಿ ಅಕ್ಕಿ ಉಂಡೆ ಹಬ್ಬದ ದಿನವೇ ಒಡೆದುಹೋಯ್ತು ರೀ. ಆಮೇಲೆ ನೀವು ಕುಡಿದಿದ್ದು ಬರೀ ಮದ್ಯ, ಕಹಿಬೇರು. ತಿಂಗಳಿಂದ ಒಂದು ತೊಟ್ಟು ಅಫೀಮಿಲ್ಲ."

ಫಾಂಗ್ ಗುಮಾಸ್ತನ ಬಾಯಲ್ಲಿ ಅರ್ಧ ಮೊಟ್ಟೆ ಹಾಗೆಯೇ ಉಳಿಯಿತು. ಮೇಸ್ತ್ರಿ ಹಲಗೆಯನ್ನು ಎದೆಯಿಂದ ಇಳಿಸಿದ.

"ಹಾಗಾದ್ರೆ ಹೂದಾನಿ ಉಜ್ಜಿದ್ದು ಯಾರೇ?"

"ನೀವೇ ಕಣ್ರೀ. ಇನ್ಯಾರು?"

ಅವನು ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಯಾರದೋ ಮನೆಯ ವಸ್ತು ತನ್ನ ಹತ್ತಿರ ಬಂದಿರುವ ಹಾಗೆ. ಎರಡು ದಿನ ಅವಳಿಗೆ ಬೆನ್ನು ತಿರುಗಿಸಿ ಕೂತು ಉಂಡ. ಮೂರನೆಯ ದಿನ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಕೆಲಸದ ಕೊಟ್ಟಿಗೆಗೆ ಹೋದ. ಯಿನ್‌ದಿ ತಡೆಯಲಿಲ್ಲ. ತನ್ನ ಪಾಲಿನದು ಮುಗಿಯಿತು, ಇನ್ನು ಅವನುಂಟು ಅವನ ಹಲಗೆಯುಂಟು ಎಂದುಕೊಂಡಳು.

ಬೇಸಿಗೆಯ ಹೊತ್ತಿಗೆ ಹಲಗೆ ತಪಾಸಣೆಗೆಂದು ಫಾಂಗ್ ಗುಮಾಸ್ತ ಬಂದು, ಮಾಮೂಲಿನಂತೆ ಅಡುಗೆಮನೆಯ ಬಾಗಿಲಲ್ಲೇ ಕೂತ. ಪಕ್ಕದ ಮದ್ಯದ ಜಾಡಿಯ ಮೇಲೆ ಕೈಯೂರಿದ.

"ಎಲ್ಲಿ ಮೇಸ್ತ್ರಿ ಹಲಗೆ? ನೋಡ್ಬೇಕಲ್ಲ."

"ಅದರ ಮೇಲೇ ಕೈಯಿಟ್ಟಿದ್ದೀರಲ್ಲ" ಎಂದ ಮೇಸ್ತ್ರಿ.

ಗುಮಾಸ್ತ ಕೈ ತೆಗೆದ. ಜಾಡಿಯ ಮುಚ್ಚಳ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮೂವತ್ತು ಪದರ ಮೆರುಗು, ಮೂವತ್ತು ಸಲ ಅಂಗೈ. ಹೆಸರು, ವಯಸ್ಸು, ಸರ್ಕಾರದ ಮುದ್ರೆ, ಯಾವುದೂ ಕಾಣುತ್ತಿರಲಿಲ್ಲ. ಬಗ್ಗಿ ನೋಡಿದರೆ ಕಂಡದ್ದು ಗುಮಾಸ್ತನ ಮುಖ, ಅವನ ಹಿಂದೆ ಸೌಟು ಹಿಡಿದು ನಗುತ್ತಿದ್ದ ಯಿನ್‌ದಿ.