ದೂರೇ ಇಲ್ಲದ ಶಾಖೆ

ನಮ್ಮ ನೀರು ಸರಬರಾಜು ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಅಭಿನಂದನೆಯ ಮಾತು ಓದುವವನು ನಾನು. ಪ್ರಚಾರ ವಿಭಾಗದವನ ಕೆಲಸವೇ ಅದು, ಯಾರೂ ಮಾಡದ ಸಾಧನೆಗೆ ವಿಶೇಷಣ ಹುಡುಕುವುದು. ಈ ಸಲ ಅತ್ಯುತ್ತಮ ಶಾಖೆಯ ಶೀಲ್ಡು ಗುಡ್ಡದ ಮೇಲಿನ ಶಾಖೆಗೆ ಬಂದಿತ್ತು. ಎಷ್ಟೋ ತಿಂಗಳಿಂದ ಅಲ್ಲಿ ಒಂದೇ ಒಂದು ದೂರಿಲ್ಲ. "ಜನರ ಬಾಯಲ್ಲಿ ದೂರಿಲ್ಲ, ನಲ್ಲಿಯ ಬಾಯಲ್ಲಿ ನೀರಿಗೆ ಬರವಿಲ್ಲ" ಎಂದು ಪ್ರಾಸ ಕಟ್ಟಿ ಓದಿದೆ. ಚಪ್ಪಾಳೆ ಬಿತ್ತು. ಶೀಲ್ಡು ತೆಗೆದುಕೊಳ್ಳಲು ಮೇಲೆ ಬಂದ ಆ ಶಾಖೆಯ ಮ್ಯಾನೇಜರು ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ಸಾರ್, ಹೇಗೂ ಸಿಕ್ಕಿದೀರಿ. ನಮ್ಮ ಕಂಪ್ಯೂಟರ್ ಕೆಟ್ಟು ಕೂತು ಎಷ್ಟೋ ತಿಂಗಳಾಯ್ತು. ರಿಪೇರಿಗೆ ಯಾರನ್ನಾದ್ರೂ ಕಳಿಸ್ತೀರಾ?"

ಮೈಕು ನನ್ನ ಕಿವಿಗಿಂತ ಹತ್ತಿರದಲ್ಲಿತ್ತು.

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಪ್ರಾಸವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನಗದೆ ಕೂತವರು ಇಬ್ಬರೇ. ಮೊದಲ ಸಾಲಿನಲ್ಲಿ ನಿರ್ದೇಶಕರು, ಕೊನೆಯ ಸಾಲಿನಲ್ಲಿ ಪೈಪು.

ಪೈಪು ಎಂಬುದು ಆಫೀಸಿನವರು ಇಟ್ಟ ಹೆಸರು. ಅವನು ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಡೇಟಾ ಪೈಪ್‌ಲೈನ್ ನೋಡಿಕೊಳ್ಳುವ ಎಂಜಿನಿಯರು. ನಮ್ಮ ಸಂಸ್ಥೆಯಲ್ಲಿ ನೀರು ಹರಿಯದ ಪೈಪುಗಳು ಬೇಕಾದಷ್ಟಿವೆ. ನೀರು ಹರಿಯಬೇಕಾಗಿಯೇ ಇಲ್ಲದ ಪೈಪು ಇವನದೊಂದೇ. ಪ್ರತಿ ಶಾಖೆಯ ಕಂಪ್ಯೂಟರಿಗೂ ಎಪಿಐ ಎಂಬ ಕಿಟಕಿ ಇದೆಯಂತೆ. ಬೆಳಗಾದರೆ ಇವನ ಪ್ರೋಗ್ರಾಮು ಒಂದೊಂದೇ ಕಿಟಕಿಯ ಮುಂದೆ ನಿಂತು "ನಿನ್ನೆ ಎಷ್ಟು ದೂರು ಬಂತು?" ಎಂದು ಕೇಳಿ, ಹೇಳಿದ್ದನ್ನು ಹೊತ್ತು ತಂದು ನಿರ್ದೇಶಕರ ಕೋಣೆಯ ದೊಡ್ಡ ಪರದೆಯ ಮೇಲೆ ಸುರಿಯುತ್ತದೆ. ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಕೇಳುತ್ತದೆ. ಮೂರು ಸಲ ಕೇಳಿಯೂ ಬಾರದಿದ್ದರೆ ಮೊದಮೊದಲು ಆ ಜಾಗವನ್ನು ಖಾಲಿ ಬಿಡುತ್ತಿತ್ತು. ಖಾಲಿ ಜಾಗ ಕಂಡರೆ ನಮ್ಮ ನಿರ್ದೇಶಕರಿಗೆ ಹಲ್ಲುದುರಿದ ಬಾಯಿ ನೋಡಿದಂತಾಗುತ್ತಿತ್ತು. "ಏನಾದ್ರೂ ಹಾಕ್ರೀ ಅಲ್ಲಿ" ಎಂದರು. ಪೈಪು ಸೊನ್ನೆ ಹಾಕಿದ. ಒಂದೇ ಸಾಲಿನ ಕೆಲಸ. ಹಾಕುವಾಗ ಚಹಾ ಕುಡಿಯುತ್ತಿದ್ದನಂತೆ, ಲೋಟ ಕೆಳಗಿಡುವ ಪ್ರಮೇಯವೂ ಬರಲಿಲ್ಲವಂತೆ.

ಅವನ ಹೆಂಡತಿಯೂ ನಮ್ಮ ಸಂಸ್ಥೆಯವಳೇ. ಸೇತುವೆ ಪಕ್ಕದ ಶಾಖೆಯಲ್ಲಿ ದೂರಿನ ಕಿಟಕಿ ಅವಳದು, ಗುತ್ತಿಗೆಯ ಕೆಲಸ. ಬೇರೆ ಶಾಖೆಗಳಲ್ಲಿ ದೂರು ತಂದವರನ್ನು "ನಾಳೆ ಬರುತ್ತೆ ಹೋಗಿ" ಎಂದು ಸಾಗಹಾಕುವುದು ವಾಡಿಕೆ. ಇವಳು ನೀರಿಗೆ ತುಕ್ಕಿನ ರುಚಿ ಎಂದರೂ ದಾಖಲು ಮಾಡಿಕೊಳ್ಳುತ್ತಾಳೆ. ರಿಪೇರಿಯಾಯಿತೆಂದು ಫಿಟ್ಟರು ಹೇಳಿದರೆ ನಂಬುವವಳಲ್ಲ. ದೂರು ಕೊಟ್ಟವರಿಗೇ ಫೋನು ಮಾಡಿ "ನಲ್ಲಿ ತಿರುಗಿಸಿ, ಸದ್ದು ಕೇಳಿಸಿ" ಎನ್ನುತ್ತಾಳೆ. ನೀರಿನ ಸದ್ದು ಕಿವಿಗೆ ಬಿದ್ದ ಮೇಲೇ ದೂರು ಮುಗಿದಂತೆ. ಈ ಪುಣ್ಯಕ್ಕೆ ಅವಳ ಶಾಖೆ ಪರದೆಯ ತಳದಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಅದೇ ಸಮಾರಂಭದಲ್ಲಿ, ನಗು ಇನ್ನೂ ಪೂರ್ತಿ ಅಡಗಿರಲಿಲ್ಲ, ನಿರ್ದೇಶಕರು ಎದ್ದು ಘೋಷಿಸಿದರು: ಕೊನೆಯ ಸ್ಥಾನದ ಶಾಖೆಯ ದೂರಿನ ಕಿಟಕಿಯನ್ನು ತಿಂಗಳ ಕೊನೆಗೆ ಮುಚ್ಚಲಾಗುವುದು.

ಪೈಪು, ಅವನ ಹೆಂಡತಿ ಇಬ್ಬರೂ ನಮ್ಮ ಮಹಡಿ ಮನೆಯಲ್ಲಿರುವವರು. ಸಂಜೆ, ನನ್ನ ಮಾನ ಹೋದ ವಿಷಯ ಹೇಳಿಕೊಂಡು ಸಮಾಧಾನ ಪಡೆಯೋಣವೆಂದು ಮೇಲೆ ಹೋದೆ. ಅಲ್ಲಿ ನನ್ನ ಮಾನದ ಗೊಡವೆ ಯಾರಿಗೂ ಇರಲಿಲ್ಲ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಬನ್ನಿ ಅಣ್ಣಾ, ನೀವೇ ಕೇಳಿ. ಸತ್ತುಹೋದ ಕಂಪ್ಯೂಟರಿಗೆ ಶೀಲ್ಡು, ಬದುಕಿರೋಳಿಗೆ ಗೇಟ್‌ಪಾಸು. ಇವರ ಪೈಪಲ್ಲಿ ಬಂದಿದ್ದಂತೆ ಇದು."

"ಅವರು ಹಾಕು ಅಂದ್ರು, ಹಾಕ್ದೆ" ಎಂದ ಪೈಪು.

"ಅವರು ಏನಾದ್ರೂ ಹಾಕು ಅಂದಿದ್ದು. ಸೊನ್ನೆ ಹುಡುಕಿದ್ದು ನಿಮ್ಮ ತಲೆ." ಅಂಗಿಯ ತೋಳನ್ನು ಕೈ ತಿರುಚಿದಂತೆ ಹಿಂದಕ್ಕೆ ಮಡಿಸಿದಳು. "ನನ್ನ ಕೆಲಸ ಉಳಿಸಿ ಅಂತ ಕೇಳ್ತಿಲ್ಲ ಕಣ್ರೀ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ತೋರಿಸಿ, ಸಾಕು."

ಮರುದಿನ ಬೆಳಗ್ಗೆ ಪರದೆಯ ಮೇಲೆ ಗುಡ್ಡದ ಶಾಖೆಯ ಎದುರಿಗೆ 'ಗೊತ್ತಿಲ್ಲ' ಎಂದಿತ್ತು. ಅದರ ಕೆಳಗೆ ಇನ್ನೂ ಹಲವು ಶಾಖೆಗಳಿಗೆ ಅದೇ. ಹತ್ತು ಗಂಟೆಗೆಲ್ಲ ನಿರ್ದೇಶಕರು ಪೈಪನ್ನು ಕರೆಸಿದರು. ಮೈಕಿನ ಅಪರಾಧಿಯೆಂದು ನನ್ನನ್ನೂ ಕರೆಸಿದರು.

"ಏನ್ರೀ ಇದು, ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ! ಸಂಸ್ಥೆ ನಡೆಸ್ತಿದೀವಾ, ಕಣ್ಣಾಮುಚ್ಚಾಲೆ ಆಡ್ತಿದೀವಾ?"

"ಆ ಶಾಖೆಗಳಿಂದ ಉತ್ತರ ಬರ್ತಿಲ್ಲ ಸಾರ್. ಉತ್ತರ ಇಲ್ಲ ಅಂದ್ರೆ ದೂರಿಲ್ಲ ಅಂತಲ್ಲ."

"ಶೀಲ್ಡು ಕೊಟ್ಟಾಯ್ತು, ಫೋಟೋ ಹಿಡಿಸಿ ಆಯ್ತು. ಈಗ ಹೋಗಿ ಕಿತ್ಕೊಂಡು ಬರ್ಲಾ?"

ನಾನು ಧೈರ್ಯ ಮಾಡಿ ಕೆಮ್ಮಿದೆ. ನನ್ನ ಧೈರ್ಯ ಸಾಮಾನ್ಯವಾಗಿ ಕೆಮ್ಮಿನಲ್ಲೇ ನಿಲ್ಲುತ್ತದೆ, ಆವತ್ತೂ ಅಲ್ಲೇ ನಿಂತಿತು. ನಿರ್ದೇಶಕರು ಕುರ್ಚಿಗೆ ಒರಗಿ ದನಿ ಇಳಿಸಿದರು.

"ಅಂದ ಹಾಗೆ, ಸೇತುವೆ ಪಕ್ಕದ ಕಿಟಕಿಯಲ್ಲಿ ಕೂರೋದು ನಿಮ್ಮ ಮನೆಯವರೇ ಅಲ್ವಾ? ಹೆಂಡ್ತಿ ಕೆಲಸ ಉಳಿಸ್ಕೊಳ್ಳೋಕೆ ಸಂಸ್ಥೆ ಲೆಕ್ಕಾನೇ ತಿದ್ದಿದ ಅಂತ ಜನ ಆಡ್ಕೊಂಡ್ರೆ ನಿಮಗೇ ತೊಂದ್ರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅಪ್ಪಟ ಸುಳ್ಳಾಗಿದ್ದರೆ ಪೈಪು ಎದುರು ಮಾತಾಡಬಹುದಿತ್ತು. ಆದರೆ ಅಷ್ಟು ತಿಂಗಳು ಆ ಸೊನ್ನೆಯನ್ನು ನೋಡಿಯೂ ನೋಡದವನಿಗೆ ಅದು ಕಣ್ಣಿಗೆ ಚುಚ್ಚಿದ್ದು ಮನೆಯ ಸಂಬಳಕ್ಕೆ ಕುತ್ತು ಬಂದ ಮೇಲೇ ತಾನೆ? ನಿರ್ದೇಶಕರಿಗೆ ನೀರಿನ ವಿಷಯ ಅಷ್ಟಕ್ಕಷ್ಟೆ, ಮನುಷ್ಯ ಎಲ್ಲಿ ಸೋರುತ್ತಾನೆಂಬುದು ಮಾತ್ರ ಚೆನ್ನಾಗಿ ಗೊತ್ತು. ಪೈಪು ತನ್ನ ಜಾಗಕ್ಕೆ ಮರಳಿ ಸೊನ್ನೆಯನ್ನು ವಾಪಸು ಹಾಕಿದ. ಮಧ್ಯಾಹ್ನ ನಾನು ಹೋದಾಗ ಬೆಳಗಿನ ಚಹಾ ಕೆನೆಗಟ್ಟಿಕೊಂಡು ಹಾಗೇ ಕೂತಿತ್ತು.

"ಒಂದು ಸಂಬಳವಾದ್ರೂ ಉಳೀಲಿ ಸಾರ್" ಎಂದ. ನಾನು ಏನನ್ನೂ ಕೇಳಿರಲಿಲ್ಲ.

ತಿಂಗಳ ಕೊನೆಗೆ ಸೇತುವೆ ಪಕ್ಕದ ಕಿಟಕಿಗೆ ಹಲಗೆ ಹೊಡೆದರು. ಅವಳು ತನ್ನ ಕುಶನ್ನು, ನೀರಿನ ಬಾಟಲಿ ತೆಗೆದುಕೊಂಡು ಮನೆಗೆ ಬಂದಳು. ಜನ ಸ್ವಲ್ಪ ದಿನ ಬಂದು ಹಲಗೆಗೇ ಬೈದು ಹೋದರು. ಹಲಗೆ ಯಾವುದನ್ನೂ ದಾಖಲು ಮಾಡಿಕೊಳ್ಳಲಿಲ್ಲ. ಆ ಶಾಖೆಯ ಕಂಪ್ಯೂಟರು ಮಾತ್ರ ಗಟ್ಟಿಮುಟ್ಟಾಗಿತ್ತು. ಪೈಪಿನ ಪ್ರೋಗ್ರಾಮು ಕೇಳಿದ ಮೊದಲ ಸಲಕ್ಕೇ ಠಕ್ಕನೆ ಉತ್ತರ ಕೊಟ್ಟಿತು: ಸೊನ್ನೆ. ಇದು ಯಾರೂ ಕೈಯಿಂದ ಹಾಕದ ಅಸಲಿ ಸೊನ್ನೆ. ಪರದೆಯ ತಳದಲ್ಲಿ ಕೆಂಪಗಿದ್ದ ಶಾಖೆ ಮೇಲೆ ಹೋಗಿ ಹಸಿರಾಯಿತು.

"ನೋಡಿದ್ರಾ, ಎಷ್ಟು ಬೇಗ ಸುಧಾರಿಸ್ತು!" ಎಂದರು ನಿರ್ದೇಶಕರು. ಮುಂದಿನ ಸಮಾರಂಭಕ್ಕೆ ಅಭಿನಂದನೆಯ ಮಾತು ಈಗಲೇ ಬರೆದಿಡಲು ನನಗೆ ಹೇಳಿದರು. ಕಷ್ಟವೇನಿಲ್ಲ. ಶಾಖೆಯ ಹೆಸರು ಬದಲಿಸಿದರಾಯಿತು, ಪ್ರಾಸ ಹಾಗೇ ನಡೆಯುತ್ತದೆ.

ನಮ್ಮ ಮನೆ ಇರುವುದೂ ಸೇತುವೆ ಶಾಖೆಯ ವ್ಯಾಪ್ತಿಯಲ್ಲೇ. ಹೋದ ವಾರದಿಂದ ನಲ್ಲಿಯಲ್ಲಿ ಗಾಳಿ ಬರುತ್ತಿದೆ. ದೂರು ಕೊಡೋಣವೆಂದರೆ ಹಲಗೆ. ಇವತ್ತು ಬೆಳಗ್ಗೆ ನಾನೂ ಪೈಪೂ ಬೀದಿಯ ಕೊನೆಯ ಟ್ಯಾಂಕರಿನಿಂದ ಬಕೆಟು ತುಂಬಿಸಿಕೊಂಡು, ನೀರು ಸರಬರಾಜಿನ ಗುರುತಿನ ಚೀಟಿ ಕುತ್ತಿಗೆಯಲ್ಲಿ ನೇತಾಡಿಸಿಕೊಂಡು, ಅರ್ಧ ನೀರನ್ನು ಪ್ಯಾಂಟಿಗೆ ಕುಡಿಸುತ್ತ ಬಂದೆವು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ನಮ್ಮ ಚೀಟಿ ನೋಡಿ ಪಕ್ಕಕ್ಕೆ ಉಗಿದಳು. ಪಕ್ಕಕ್ಕೆ ಉಗಿದದ್ದು ಅವಳ ದೊಡ್ಡತನ.

ಮೆಟ್ಟಿಲ ಬುಡದಲ್ಲಿ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತೆವು. ಮೇಲೆ ಅವರ ಮನೆಯ ಬಾಗಿಲು ತೆರೆದಿತ್ತು, ಒಳಗಿಂದ ಸದ್ದೇ ಇರಲಿಲ್ಲ. ತಡೆಯಲಾಗದೆ ಕೇಳಿದೆ.

"ಇದಕ್ಕೆಲ್ಲ ಮನೇಲಿ ಏನಂತಾರಯ್ಯಾ?"

ಪೈಪು ಬಕೆಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಮೂರು ಸಲ ಕೇಳ್ದೆ ಸಾರ್, ಉತ್ತರ ಬಂದಿಲ್ಲ. ದೂರು ಸೊನ್ನೆ ಅಂತ ಹಾಕ್ಕೊಂಡಿದೀನಿ."